ಅಪ್‌ಡೇಟ್: ಭೌತಶಾಸ್ತ್ರದಿಂದ ಸಾರಿಗೆ ನೀತಿ ಸಂಶೋಧನೆಗೆ

ಭೌತಶಾಸ್ತ್ರದ ಎಂಎಸ್ಸಿ ಇಟ್ಟುಕೊಂಡು ಸಾರಿಗೆ ನೀತಿ ಸಂಶೋಧನೆಗೆ ಹೋಗಬಹುದೇ, ಇನ್ನೊಂದು ಡಿಗ್ರಿ ಬೇಕೇ ಅಂತ ಕೇಳಿದ್ದೆ. ಡಿಗ್ರಿಗೆ ಮೊದಲು ಒಂದು ಸಣ್ಣ ಪ್ರಾಜೆಕ್ಟ್ ಮುಗಿಸಿ ಅಂದವರ ಮಾತೇ ಸರಿ.

ಪ್ರಾಜೆಕ್ಟ್ ಮಾಡಿದಾಗ ಗೊತ್ತಾದದ್ದು: ಗಣಿತ ಅಡ್ಡಿಯಲ್ಲ, ಡೇಟಾದ ಅರ್ಥವೇ ಅಡ್ಡಿ. ದಟ್ಟಣೆಯಿಂದ ಪ್ರಯಾಣ ಎಷ್ಟು ತಡವಾಗುತ್ತದೆಂದು ಅಂದಾಜಿಸುವ ಬಿಪಿಆರ್ ಸೂತ್ರವನ್ನೇ ನೋಡಿ: ವಾಹನ ಸಂಖ್ಯೆಯನ್ನು ರಸ್ತೆಯ ಸಾಮರ್ಥ್ಯದಿಂದ ಭಾಗಿಸಿ, 4ನೇ ಘಾತಕ್ಕೇರಿಸಿ, 0.15ರಿಂದ ಗುಣಿಸಿದರೆ, ಖಾಲಿ ರಸ್ತೆಯ ಸಮಯಕ್ಕಿಂತ ಎಷ್ಟು ಪಾಲು ಹೆಚ್ಚು ಸಮಯ ಹಿಡಿಯುತ್ತದೆ ಅನ್ನುವುದು ಸಿಗುತ್ತದೆ. ಅನುಪಾತ 1 ಇದ್ದರೆ 15%, 1.5 ಆದರೆ ಸುಮಾರು 76%. ಎಡವುವುದು ಎಲ್ಲಿ ಅಂದರೆ, ಸೂತ್ರಕ್ಕೆ ಬೇಕಾದದ್ದು ಬೇಡಿಕೆ (ಆ ರಸ್ತೆಯಲ್ಲಿ ಹೋಗಬಯಸುವ ವಾಹನಗಳ ಸಂಖ್ಯೆ), ಸೆನ್ಸರ್ ಕೊಡುವುದು ದಾಟಿಹೋದ ವಾಹನಗಳ ಎಣಿಕೆ. ಜಾಮ್‌ನಲ್ಲಿ ಎಣಿಕೆ ಇಳಿಯುತ್ತದೆ. ಅದನ್ನೇ ತುಂಬಿದರೆ ನಿಂತ ರಸ್ತೆಯನ್ನು ಮಾಡೆಲ್ ಖಾಲಿ ಅನ್ನುತ್ತದೆ!

ಬಸ್ ವೇಳಾಪಟ್ಟಿಯ ಜಿಟಿಎಫ್‌ಎಸ್ (ಸಾರಿಗೆ ವೇಳಾಪಟ್ಟಿಗಳನ್ನು ಹಂಚುವ ಸಾಮಾನ್ಯ ಡೇಟಾ ಮಾದರಿ) ಫೈಲಿನಲ್ಲಿ ಮಧ್ಯರಾತ್ರಿ ದಾಟುವ ಟ್ರಿಪ್‌ಗೆ 25:10:00 ಅಂತ ಇರುತ್ತದೆ, ಅಂದರೆ ಮರುದಿನ 1:10. ಸಾಮಾನ್ಯ ಗಡಿಯಾರದ ಸಮಯವೆಂದು ಓದಿಸಿದರೆ ಎರರ್, ಇಲ್ಲವೇ ರಾತ್ರಿ ಬಸ್ಸುಗಳೇ ಮಾಯ. ಸೆಕೆಂಡುಗಳಿಗೆ ಬದಲಿಸಿ: 90,600.

ಅಂದಹಾಗೆ, ಈ ದಾರಿ ಹೊಸತೇನಲ್ಲ. 1948ರಲ್ಲಿ ಭೌತವಿಜ್ಞಾನಿ ರಾಲ್ಫ್ ಆಲ್ಫರ್ ಜೊತೆ ವಿಶ್ವದ ಹಿನ್ನೆಲೆ ವಿಕಿರಣವನ್ನು ಊಹಿಸಿದ ಭೌತವಿಜ್ಞಾನಿ ರಾಬರ್ಟ್ ಹರ್ಮನ್ ಮುಂದೆ ವಾಹನ ಸಂಚಾರ ಸಿದ್ಧಾಂತ ಕಟ್ಟಿದರು.

ಇನ್ನು ಉಳಿದದ್ದು ಲಾಜಿಟ್ ಮಾಡೆಲ್, ಅಂದರೆ ಜನ ಬಸ್ಸು, ಕಾರಿನಂಥ ಆಯ್ಕೆಗಳಲ್ಲಿ ಯಾವುದನ್ನು ಆರಿಸುತ್ತಾರೆ ಎಂದು ಸಮಯ, ವೆಚ್ಚದ ಮೇಲೆ ಅಂದಾಜಿಸುವ ಮಾಡೆಲ್. ಸಮಯದ ಗುಣಾಂಕವನ್ನು ವೆಚ್ಚದ ಗುಣಾಂಕದಿಂದ ಭಾಗಿಸಿದರೆ ಒಂದು ನಿಮಿಷದ ಬೆಲೆ. ವೆಚ್ಚದ ಗುಣಾಂಕ ಧನಾತ್ಮಕವಾಗಿ ಬಂದರೆ (ದುಬಾರಿಯಾದಷ್ಟೂ ಜನಕ್ಕೆ ಇಷ್ಟ ಅಂದಂತೆ) ಅಲ್ಲೇ ನಿಲ್ಲಿಸಿ, ಆದಾಯದ ಅಂಶ ಬಿಟ್ಟುಹೋಗಿದೆಯೇ ನೋಡಿ.