ಅಪ್‌ಡೇಟ್: ಐಫೋನ್ 7ರ ಐದು ಎಸಳಿನ ಸ್ಕ್ರೂ ಕೊನೆಗೂ ಬಿಚ್ಚಿತು

ಹೋದ ವಾರ ಕೇಳಿದ್ದೆ: ಹಳೇ ಐಫೋನ್ 7ಕ್ಕೆ ಹೊಸ ಬ್ಯಾಟರಿ ಹಾಕಬೇಕು, ಚಾರ್ಜಿಂಗ್ ತೂತಿನ ಪಕ್ಕದ ಎರಡು ಸ್ಕ್ರೂಗಳಲ್ಲಿ ಒಂದು ಜಪ್ಪಯ್ಯ ಅಂದರೂ ಬಿಚ್ಚುತ್ತಿಲ್ಲ, ಏನು ಮಾಡಲಿ ಅಂತ. ಬಿಚ್ಚಿತು!

ತಪ್ಪು ನನ್ನದೇ. ಅದು ಐದು ಎಸಳಿನ ಪೆಂಟಲೋಬ್ ಸ್ಕ್ರೂ. ನಾನು ಆರು ಮೂಲೆಯ ಟಾರ್ಕ್ಸ್ ಬಿಟ್ (ಸ್ಕ್ರೂಡ್ರೈವರಿನ ತುದಿ) ತುರುಕಿ ಎಸಳೆಲ್ಲ ಅರ್ಧ ಸವೆಸಿಬಿಟ್ಟಿದ್ದೆ.

ರಬ್ಬರ್ ಬ್ಯಾಂಡ್ ಇಟ್ಟು ತಿರುಗಿಸಿ ಅಂದಿರಲ್ಲ, ಅದು ಆಗಲಿಲ್ಲ. ಸ್ಕ್ರೂ ತಲೆ ಅಷ್ಟು ಚಿಕ್ಕದು. ರಬ್ಬರ್ ಹರಿದು ಒಳಗೇ ಸಿಕ್ಕಿಕೊಂಡಿತು, ಸೂಜಿಯಿಂದ ಕೆದಕಿ ತೆಗೆದೆ. ಫೆವಿಕ್ವಿಕ್‌ನಿಂದ ಬಿಟ್ಟನ್ನು ಸ್ಕ್ರೂಗೆ ಅಂಟಿಸಿ ತಿರುಗಿಸುವ ಉಪಾಯಕ್ಕೆ ಧೈರ್ಯ ಬರಲಿಲ್ಲ. ಕೆಲಸಕ್ಕೆ ಬಂದಿದ್ದು "ಪೆಂಟಲೋಬಿಗೆ ಸರಿಯಾದ ಪಿ2 ಅಳತೆಯ ಬಿಟ್ ತಗೊಳ್ಳಿ, ಗಟ್ಟಿಯಾಗಿ ಒತ್ತಿ ನಿಧಾನಕ್ಕೆ ತಿರುಗಿಸಿ" ಅಂದವರ ಮಾತು. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಬಿಟ್ ಸಿಕ್ಕಿತು. ಟಕ್ ಅಂತ ಸಡಿಲವಾಯಿತು. ಅವರಿಗೊಂದು ಫಿಲ್ಟರ್ ಕಾಫಿ ಬಾಕಿ.

ಆದರೆ ಒಳಗೆ ಇನ್ನೊಂದು ಕಾಟ ಕಾದಿತ್ತು. ಬ್ಯಾಟರಿ ಕನೆಕ್ಟರ್ ಮೇಲಿನ ತಗಡಿಗೆ ನಾಲ್ಕು ಟ್ರೈ-ಪಾಯಿಂಟ್ ಸ್ಕ್ರೂ, ಮೂರು ಕಾಲಿನವು. ಅದಕ್ಕೆ ವೈ000 ಅನ್ನೋ ಅಳತೆಯ ಬಿಟ್ಟೇ ಬೇಕು. ಮತ್ತೆ ಅಂಗಡಿಗೆ ಓಟ! ನಾಲ್ಕರಲ್ಲಿ ಒಂದು ಉದ್ದ ಜಾಸ್ತಿ, ಅದಲುಬದಲಾದರೆ ಬೋರ್ಡಿಗೇ ಪೆಟ್ಟು. ಹಾಗಾಗಿ ಹಾಳೆ ಮೇಲೆ ಫೋನಿನ ಚಿತ್ರ ಬರೆದು, ಆಯಾ ಜಾಗದಲ್ಲೇ ಸ್ಕ್ರೂಗಳನ್ನು ಸೆಲೋಟೇಪಿನಿಂದ ಅಂಟಿಸಿಟ್ಟೆ.

ಇನ್ನೊಂದು ವಿಷಯ ಓದಿ ನಗು ಬಂತು. 2010ರಲ್ಲಿ ಐಫೋನ್ 4 ಬಂದಾಗ ಮಾಮೂಲಿ ಪ್ಲಸ್ ಸ್ಕ್ರೂ ಇತ್ತು. ಪೆಂಟಲೋಬ್ ಆಮೇಲೆ ಬಂದಿದ್ದು. 2011ರಲ್ಲಿ, ರಿಪೇರಿ ಸಾಧನ ಮಾರುವ ಐಫಿಕ್ಸಿಟ್ ಕಂಪನಿಯವರು ಅದನ್ನು ಬಿಚ್ಚುವ ಸಾಧನದ ಜೊತೆ ಬದಲಿ ಪ್ಲಸ್ ಸ್ಕ್ರೂಗಳನ್ನೂ ಸೇರಿಸಿ ಕಿಟ್ ಮಾರಿದ್ದರು. ಬುದ್ಧಿವಂತರು, ಅಲ್ವಾ?

ಸವೆದ ಸ್ಕ್ರೂ ಬಿಸಾಕಿ ಹೊಸದು ಹಾಕಿದ್ದೇನೆ. ಚಾರ್ಜ್ ಈಗ ಸಂಜೆವರೆಗೂ ನಿಲ್ಲುತ್ತಿದೆ.