ಲಿಬರ್ಟಿ ಬೆಲ್ ಪಕ್ಕದ ಮನೆ: ಅಮೆರಿಕದ ಸಂವಿಧಾನ ಗುಲಾಮಗಿರಿಯ ಪರವೋ, ವಿರುದ್ಧವೋ?

ಹಾಸನದ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲಿನಲ್ಲಿ 31 ವರ್ಷ ಸಮಾಜ ವಿಜ್ಞಾನ ಪಾಠ ಮಾಡಿ ನಿವೃತ್ತನಾದವನು. 'ಎಲ್ಲ ಮನುಷ್ಯರೂ ಸಮಾನರಾಗಿ ಸೃಷ್ಟಿಯಾಗಿದ್ದಾರೆ' ಅನ್ನುವ, ಅಮೆರಿಕದ 1776ರ ಸ್ವಾತಂತ್ರ್ಯ ಘೋಷಣೆಯ ಸಾಲನ್ನು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆದು, ಮಕ್ಕಳಿಂದ ಗಟ್ಟಿಯಾಗಿ ಓದಿಸುತ್ತಿದ್ದೆ.

ಎರಡು ವರ್ಷದ ಹಿಂದೆ ಮಗಳ ಮನೆಗೆ ಹೋದಾಗ ಫಿಲಡೆಲ್ಫಿಯಾ ನೋಡಿದೆ. ಅಮೆರಿಕದವರು ಸ್ವಾತಂತ್ರ್ಯದ ಗುರುತು ಅನ್ನುವ ಹಳೇ ಗಂಟೆ, ಲಿಬರ್ಟಿ ಬೆಲ್ ನೋಡಲು ಹೋದೆವು. ಆ ಕಟ್ಟಡದ ಬಾಗಿಲ ಹತ್ತಿರವೇ ಛಾವಣಿ ಇಲ್ಲದ ಒಂದು ಮನೆಯ ಗುರುತು ಉಳಿಸಿದ್ದಾರೆ. ಅಧ್ಯಕ್ಷ ವಾಷಿಂಗ್ಟನ್ 1790ರಿಂದ 1797ರವರೆಗೆ ಇದ್ದ ಮನೆ ಅದು. ಅಲ್ಲಿ ಒಂದು ಗೋಡೆಯ ಮೇಲೆ ಒಂಬತ್ತು ಹೆಸರು ಕೆತ್ತಿದೆ. ಮೊಮ್ಮಗಳು ಒಂದೊಂದಾಗಿ ಓದಿದಳು. ಆಸ್ಟಿನ್, ಪ್ಯಾರಿಸ್, ಹರ್ಕ್ಯುಲೀಸ್, ಜೈಲ್ಸ್, ಮಾಲ್, ಓನಾ... ಎಲ್ಲರೂ ಆ ಮನೆಯ ಗುಲಾಮರು.

ಫಿಲಡೆಲ್ಫಿಯಾ ಇರುವ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ 1780ರಲ್ಲೇ ಒಂದು ಕಾನೂನು ಬಂದಿತ್ತು. ಹೊರಗಿನವರು ಕರೆತಂದ ಗುಲಾಮರು ಆರು ತಿಂಗಳು ಅಲ್ಲೇ ಉಳಿದರೆ ಬಿಡುಗಡೆ ಕೇಳಬಹುದಿತ್ತು. ವಾಷಿಂಗ್ಟನ್ ಆರು ತಿಂಗಳು ತುಂಬುವ ಮೊದಲೇ ಅವರನ್ನು ರಾಜ್ಯದ ಗಡಿ ದಾಟಿಸಿ, ಮತ್ತೆ ಕರೆಸಿಕೊಳ್ಳುತ್ತಿದ್ದರು. ಇದನ್ನು ಓದಿದಾಗ ಕಾಲು ಸೋತ ಹಾಗಾಯಿತು. 1796ರ ಮೇ ತಿಂಗಳಲ್ಲಿ ಓನಾ ಜಡ್ಜ್, ಮನೆಯವರು ಊಟಕ್ಕೆ ಕೂತಿದ್ದಾಗ ಹೊರಟುಹೋದಳು. ನ್ಯೂ ಹ್ಯಾಂಪ್‌ಶೈರ್ ಸೇರಿದಳು. ವಾಪಸ್ ಕರೆತರಲು ಜನ ಹೋದರೂ ಬರಲಿಲ್ಲ.

ಅಲ್ಲಿಂದ ನಾಲ್ಕು ಹೆಜ್ಜೆ ಒಳಗೆ ಆ ಗಂಟೆ. ಅದರ ಮೇಲೆ ಬೈಬಲ್ ವಚನ: ದೇಶದ ಎಲ್ಲ ನಿವಾಸಿಗಳಿಗೂ ಬಿಡುಗಡೆಯನ್ನು ಸಾರಿರಿ.

'ತಾತ, ನೀವು ಪಾಠ ಮಾಡುವಾಗ ಇವರ ವಿಷಯ ಹೇಳ್ತಿದ್ರಾ?' ಅಂತ ಮೊಮ್ಮಗಳು ಕೇಳಿದಳು. ಇಲ್ಲ, ಒಂದು ದಿನವೂ ಹೇಳಿರಲಿಲ್ಲ. ಅದು ಇವತ್ತಿಗೂ ನೋಯುತ್ತದೆ.

ತಿಳಿದವರು ಹೇಳಿ. ಅಮೆರಿಕದ ಸಂವಿಧಾನ ಬರೆದವರ ಮಾತಿಗೆ ಬೆಲೆ ಕೊಡಬೇಕೋ, ಅವರ ಮನೆಗೋ? ಗುಲಾಮಗಿರಿಯ ಪರ, ವಿರುದ್ಧ ಎರಡೂ ಕಡೆಯವರ ಕೈಯಲ್ಲಿ ಅದೇ ಬೈಬಲ್ ಇತ್ತಲ್ಲ, ಅದು ಹೇಗೆ?

ಬಲ್ಮಠದವಳು

ಮೇಷ್ಟ್ರೇ, ಬೈಬಲ್ ವಿಷಯಕ್ಕೆ ಮಾತ್ರ ಉತ್ತರಿಸುತ್ತೇನೆ. ನಮ್ಮದು ಮಂಗಳೂರಿನ ಸಿಎಸ್‌ಐ ಕುಟುಂಬ. ನಿಮ್ಮ ಪ್ರಶ್ನೆ ಓದಿ ಅಮ್ಮನ ಹಳೇ ಕನ್ನಡ ಬೈಬಲ್ ತೆಗೆದೆ. ಗಂಟೆಯ ಮೇಲಿನ ಮಾತು ಯಾಜಕಕಾಂಡದ 25ನೇ ಅಧ್ಯಾಯ, 10ನೇ ವಚನ. ಐವತ್ತನೇ ವರ್ಷದ ಬಿಡುಗಡೆಯ ಮಾತು ಅದು. ಅದೇ ಅಧ್ಯಾಯದಲ್ಲಿ ಕೆಳಗೆ 44ರಿಂದ 46 ನೋಡಿ. ಸುತ್ತಲಿನ ಜನಾಂಗಗಳಿಂದ ದಾಸದಾಸಿಯರನ್ನು ಕೊಳ್ಳಬಹುದು, ಮಕ್ಕಳಿಗೆ ಆಸ್ತಿಯಾಗಿ ಬಿಡಬಹುದು ಅಂತ ಇದೆ. ಗುಲಾಮಗಿರಿ ವಿರೋಧಿಸಿದವರು 10ನೇ ವಚನ ಹಿಡಿದರು. 1830ರ ದಶಕದಲ್ಲಿ ಆ ಗಂಟೆಗೆ ಲಿಬರ್ಟಿ ಬೆಲ್ ಅಂತ ಹೆಸರಿಟ್ಟವರೂ ಅವರೇ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಗುಲಾಮಗಿರಿ ಬೇಕು ಅಂದ ಪಾದ್ರಿಗಳು 44 ಹಿಡಿದರು.

ಈ ವಿಷಯಕ್ಕೆ ಕ್ರೈಸ್ತ ಸಭೆಗಳೇ ಒಡೆದವು. ಮೆಥಡಿಸ್ಟರು 1844ರಲ್ಲಿ, ಬ್ಯಾಪ್ಟಿಸ್ಟರು 1845ರಲ್ಲಿ. ದಕ್ಷಿಣದ ಬ್ಯಾಪ್ಟಿಸ್ಟರು ಗುಲಾಮಗಿರಿಯ ಪರ ನಿಂತದ್ದಕ್ಕೆ ಕ್ಷಮೆ ಕೇಳಿದ್ದು 1995ರಲ್ಲಿ. ನೂರೈವತ್ತು ವರ್ಷ ಬೇಕಾಯಿತು. ನನ್ನ ನಂಬಿಕೆಯವರು ಹೀಗೆ ಮಾಡಿದರು ಅಂತ ಬರೆಯಲು ಕಷ್ಟವಾಗುತ್ತದೆ. ಆದರೆ ಮೇಷ್ಟ್ರೇ, ಇಡೀ ಗ್ರಂಥ ಓದಿ ಐಗುಪ್ತದ (ಈಜಿಪ್ಟಿನ) ದಾಸತ್ವದಿಂದ ಹೊರಟವರ ಕತೆಯನ್ನು ತಮ್ಮದೇ ಕತೆ ಅಂದುಕೊಂಡವರು ಆ ಗುಲಾಮರು. ಅವರ ಓದೇ ಸರಿ ಅಂತ ನಾನು ನಂಬುತ್ತೇನೆ.

ಧಾರವಾಡದ ವಕೀಲ

ಸರ್, 1787ರ ಮೂಲ ಪಠ್ಯದಲ್ಲಿ 'ಗುಲಾಮ' ಅನ್ನುವ ಪದವೇ ಇಲ್ಲ. 'ಇತರ ವ್ಯಕ್ತಿಗಳು', 'ದುಡಿಮೆಗೆ ಬದ್ಧನಾದ ವ್ಯಕ್ತಿ' ಅಂತೆಲ್ಲ ಇದೆ. ಮನುಷ್ಯ ಆಸ್ತಿಯಾಗಬಹುದು ಅನ್ನುವ ವಿಚಾರವನ್ನು ಸಂವಿಧಾನದೊಳಗೆ ಬಿಡುವುದು ತಪ್ಪು ಅಂತ, ಅದನ್ನು ಬರೆದವರಲ್ಲಿ ಮುಖ್ಯರಾದ ಮ್ಯಾಡಿಸನ್ ಸಂವಿಧಾನ ರಚನಾ ಸಭೆಯಲ್ಲೇ ಹೇಳಿದ್ದರು. ಅವರೂ ಗುಲಾಮರ ಒಡೆಯರೇ. ಹಾಗಂತ ಗುಲಾಮಗಿರಿಗೆ ರಕ್ಷಣೆ ಇರಲಿಲ್ಲ ಅಂತ ಅಲ್ಲ. 1808ರವರೆಗೆ ಕಾಂಗ್ರೆಸ್ ಗುಲಾಮರ ಆಮದು ನಿಲ್ಲಿಸುವಂತಿರಲಿಲ್ಲ. ಓಡಿಹೋದವರನ್ನು ಒಡೆಯನಿಗೆ ಒಪ್ಪಿಸಬೇಕಿತ್ತು. ರಾಜ್ಯಗಳಿಗೆ ಸೀಟು ಹಂಚುವಾಗ ಐದು ಗುಲಾಮರನ್ನು ಮೂವರೆಂದು ಎಣಿಸುವ 'ಐದರಲ್ಲಿ ಮೂರು ಪಾಲಿನ' ಲೆಕ್ಕವನ್ನು ಜಾಸ್ತಿ ಜನ ತಪ್ಪಾಗಿ ತಿಳಿಯುತ್ತಾರೆ. ಗುಲಾಮರನ್ನು ಪೂರ್ತಿ ಎಣಿಸಿ ಅಂದವರು ಒಡೆಯರೇ, ಯಾಕಂದರೆ ತಲೆ ಎಣಿಕೆ ಹೆಚ್ಚಿದಷ್ಟೂ ಅವರಿಗೆ ಸೀಟು ಹೆಚ್ಚು.

ಇನ್ನೊಂದು ಸಂಗತಿ ಗಮನಿಸಿ. ಆ ಸಂವಿಧಾನದಲ್ಲಿ ದೇವರ ಹೆಸರೂ ಇಲ್ಲ, ಕೊನೆಯಲ್ಲಿ ಇಸವಿ ಬರೆಯುವಾಗ 'ನಮ್ಮ ಪ್ರಭುವಿನ ವರ್ಷ' ಅಂದಿದ್ದು ಬಿಟ್ಟರೆ. ಹುದ್ದೆಗೆ ಧರ್ಮದ ಪರೀಕ್ಷೆ ಬೇಡ ಅಂತಲೂ ಇದೆ. 1861ರಲ್ಲಿ ದಕ್ಷಿಣದವರು ಬೇರೆಯಾಗಿ ತಮ್ಮದೇ ಸಂವಿಧಾನ ಬರೆದರು. ಅದರ ಪೀಠಿಕೆಯಲ್ಲಿ ಸರ್ವಶಕ್ತ ದೇವರನ್ನು ಕರೆದರು. ಒಳಗೆ 'ನೀಗ್ರೋ ಗುಲಾಮರು' ಅಂತ ನೇರವಾಗಿಯೇ ಬರೆದರು. ಎರಡೂ ಪದ ಒಟ್ಟಿಗೇ ಬಂದವು. ಅವರ ಉಪಾಧ್ಯಕ್ಷ ಸ್ಟೀಫನ್ಸ್ ಅದೇ ವರ್ಷದ ಮಾರ್ಚ್‌ನಲ್ಲಿ ಸವಾನಾ ಊರಿನಲ್ಲಿ ಮಾತಾಡುತ್ತಾ, 1776ರ ಆ ಸಾಲು ಬರೆದ ಜೆಫರ್ಸನ್ ಕಾಲದವರು ಗುಲಾಮಗಿರಿ ತಪ್ಪು ಅಂದುಕೊಂಡಿದ್ದರು, ಅವರ ಆ ವಿಚಾರವೇ ತಪ್ಪು ಅಂದರು. ವಿರೋಧಿಯ ಬಾಯಲ್ಲೇ ಬಂದ ಸಾಕ್ಷಿ ಇದು.

ರಾಚೆಸ್ಟರ್ ಕನ್ನಡಿಗ

ಮೇಷ್ಟ್ರೇ, ನಾನಿರುವ ಊರಿನಲ್ಲೇ ನಿಮ್ಮ ಪ್ರಶ್ನೆಯನ್ನು ಒಬ್ಬರು ಎತ್ತಿದ್ದರು. ಫ್ರೆಡರಿಕ್ ಡಗ್ಲಸ್. ಮೇರಿಲ್ಯಾಂಡಿನಲ್ಲಿ ಗುಲಾಮನಾಗಿ ಹುಟ್ಟಿ, 1838ರಲ್ಲಿ ತಪ್ಪಿಸಿಕೊಂಡವರು. ಅವರ ಸಮಾಧಿ ಇಲ್ಲಿನ ಮೌಂಟ್ ಹೋಪ್ ಸ್ಮಶಾನದಲ್ಲಿದೆ. ಭಾನುವಾರ ಆ ಕಡೆ ನಡೆದು ಹೋಗುತ್ತೇನೆ. ಯಾರಾದರೂ ಹೂವೋ ಬೆಣಚು ಕಲ್ಲೋ ಇಟ್ಟು ಹೋಗಿರುತ್ತಾರೆ.

ಮೊದಲು ಡಗ್ಲಸ್ ಕೂಡ ತಮ್ಮ ಗುರು, ಗುಲಾಮಗಿರಿ ವಿರೋಧಿ ಹೋರಾಟಗಾರ ಗ್ಯಾರಿಸನ್ ಜೊತೆಗಿದ್ದರು. ಗ್ಯಾರಿಸನ್ ಪ್ರಕಾರ ಆ ಸಂವಿಧಾನ ಮೃತ್ಯುವಿನೊಡನೆ ಮಾಡಿಕೊಂಡ ಒಡಂಬಡಿಕೆ. ಬೈಬಲಿನ ಪ್ರವಾದಿ ಯೆಶಾಯನ ಮಾತು ಅದು. 1854ರ ಜುಲೈ 4ರಂದು, ಅಮೆರಿಕದ ಸ್ವಾತಂತ್ರ್ಯ ದಿನವೇ, ಸಂವಿಧಾನದ ಪ್ರತಿಗೆ ಬೆಂಕಿಯನ್ನೇ ಹಚ್ಚಿದರು. ಅವರ ವಾದಕ್ಕೆ ಬಲ ಇತ್ತು. 1840ರಲ್ಲಿ ಸಂವಿಧಾನ ರಚನಾ ಸಭೆಯ ಬಗ್ಗೆ ಮ್ಯಾಡಿಸನ್ ಬರೆದಿಟ್ಟ ಟಿಪ್ಪಣಿಗಳು ಅಚ್ಚಾದಾಗ, ಮುಚ್ಚಿದ ಬಾಗಿಲ ಹಿಂದೆ ನಡೆದ ಚೌಕಾಸಿ ಎಲ್ಲ ಬಯಲಾಗಿತ್ತು.

ಡಗ್ಲಸ್ 1851ರಲ್ಲಿ ಗುರುವಿನ ದಾರಿ ಬಿಟ್ಟರು. ಮರುವರ್ಷ ಜುಲೈ 5ರಂದು ರಾಚೆಸ್ಟರಿನಲ್ಲಿ ಭಾಷಣ ಮಾಡಿದರು. ನಾಲ್ಕನೇ ತಾರೀಕು ಭಾನುವಾರ ಬಿದ್ದಿತ್ತು. ಇದು ನಿಮ್ಮ ಹಬ್ಬ, ನನ್ನದಲ್ಲ ಅಂದರು. ಅಮೆರಿಕದ ಚರ್ಚು ಗುಲಾಮಗಿರಿಗೆ ಕೋಟೆಯಾಗಿ ನಿಂತಿದೆ ಅಂದರು. ಆಮೇಲೆ ಸಂವಿಧಾನದ ಮಾತು ಬಂತು. ರಾಚೆಸ್ಟರ್ ಊರಿಗೆ ಜಮೀನು ಕೊಡಿಸುವ ಪತ್ರ ಬರೆದು, ಅದರಲ್ಲಿ ಜಮೀನಿನ ಹೆಸರೇ ಎತ್ತದಿದ್ದರೆ ಏನನ್ನುತ್ತೀರಿ ಅಂತ ಕೇಳಿದರು. ನಮ್ಮ ಕಡೆ ಹೇಳುವುದಾದರೆ ಸರ್ವೆ ನಂಬರೂ ಇಲ್ಲದ, ಚಕ್ಕುಬಂದಿಯೂ ಇಲ್ಲದ ಕ್ರಯಪತ್ರ. ಗುಲಾಮ ಅನ್ನುವ ಪದವೇ ಇಲ್ಲದ ಪತ್ರ ಗುಲಾಮರ ಮೇಲೆ ಹಕ್ಕು ಕೊಡುವುದು ಹೇಗೆ? ಜನ ಒಪ್ಪಿ ಅಂಗೀಕರಿಸಿದ್ದು ಬರೆದ ಮಾತನ್ನು, ಕೋಣೆಯೊಳಗಿನ ಗುಟ್ಟನ್ನಲ್ಲ ಅಂತ 1860ರಲ್ಲಿ ಗ್ಲಾಸ್ಗೋದಲ್ಲೂ ವಾದಿಸಿದರು.

ಕೋಣೆಯಲ್ಲಿ ನಡೆದದ್ದರ ಬಗ್ಗೆ ಗ್ಯಾರಿಸನ್ ಹೇಳಿದ್ದೇ ಹೆಚ್ಚು ನಿಜ ಅಂತ ನನಗನ್ನಿಸುತ್ತದೆ. ಆದರೂ ನಾನು ಡಗ್ಲಸ್ ಪಕ್ಷ. 1865ರಲ್ಲಿ ಗುಲಾಮಗಿರಿ ಅಳಿಸಿದ 13ನೇ ತಿದ್ದುಪಡಿ ಬಂದದ್ದು ಅದೇ ಸಂವಿಧಾನ ಹೇಳಿದ ದಾರಿಯಲ್ಲಿ. ಸುಟ್ಟ ಕಾಗದಕ್ಕೆ ತಿದ್ದುಪಡಿ ಮಾಡಲಾಗುವುದಿಲ್ಲ, ಅಲ್ವಾ? ಅದಕ್ಕೂ ಮೊದಲು ಲಕ್ಷಾಂತರ ಜನ ಯುದ್ಧದಲ್ಲಿ ಸಾಯಬೇಕಾಯಿತು ಅನ್ನುವುದನ್ನೂ ಮರೆಯಬಾರದು.

ಹಾಸನದ ಮೇಷ್ಟ್ರು

ಎಲ್ಲರಿಗೂ ಕೈಮುಗಿಯುತ್ತೇನೆ. ಬಲ್ಮಠದ ತಾಯಿ, ನಿಮ್ಮ ಉತ್ತರವನ್ನು ಮೊಮ್ಮಗಳಿಗೆ ಫೋನಿನಲ್ಲಿ ಓದಿ ಹೇಳಿದೆ. ಅವಳದು ಇನ್ನೊಂದು ಪ್ರಶ್ನೆ. ಇಷ್ಟೆಲ್ಲ ದೊಡ್ಡವರ ಮಾತಾಯಿತು, ಓನಾಳನ್ನು ಯಾರಾದರೂ ಕೇಳಿದ್ದರಾ?

ರಾಚೆಸ್ಟರ್ ಕನ್ನಡಿಗ

ಕೇಳಿದ್ದರು, ಮೇಷ್ಟ್ರೇ. 1845ರಲ್ಲಿ ಪತ್ರಿಕೆಯವರು ಅವರ ಮನೆಗೆ ಹೋಗಿದ್ದರು. ಆಗ ಗಂಡ, ಮಕ್ಕಳು ತೀರಿಕೊಂಡು ಬಡತನದಲ್ಲಿದ್ದರು. ವಾಷಿಂಗ್ಟನ್ ಮನೆ ಬಿಟ್ಟಮೇಲೆ ಇಷ್ಟೊಂದು ಕಷ್ಟಪಟ್ಟಿರಲ್ಲ, ಪಶ್ಚಾತ್ತಾಪ ಇದೆಯಾ ಅಂದರು. ಇಲ್ಲ, ನಾನು ಸ್ವತಂತ್ರಳು, ಈ ದಾರಿಯಿಂದಲೇ ದೇವರ ಮಗುವಾದೆ ಅಂತ ನಂಬಿದ್ದೇನೆ ಅಂದರು. ಆ ಮನೆಯಲ್ಲಿ ಅವರಿಗೆ ಯಾರೂ ಅಕ್ಷರ ಕಲಿಸಿರಲಿಲ್ಲ. ಓದಲು ಕಲಿತದ್ದು ನ್ಯೂ ಹ್ಯಾಂಪ್‌ಶೈರಿಗೆ ಬಂದ ಮೇಲೆ. 1848ರಲ್ಲಿ ತೀರಿಕೊಂಡಾಗಲೂ ಕಾನೂನಿನ ಕಣ್ಣಿಗೆ ಅವರು ಓಡಿಹೋದ ಗುಲಾಮಳೇ.