ಅಪ್‌ಡೇಟ್: ರೆಟಿನಾದ ರಕ್ತನಾಳ ಬಿಳಿಚಿದ್ದು ಯಾಕೆ ಅಂತ ಗೊತ್ತಾಯಿತು

ಅಣ್ಣನ ಕಣ್ಣು ಪರೀಕ್ಷೆಯಲ್ಲಿ ರೆಟಿನಾದ (ಕಣ್ಣಿನ ಹಿಂಭಾಗದಲ್ಲಿ ಬೆಳಕು ಗ್ರಹಿಸುವ ಪದರ) ರಕ್ತನಾಳಗಳು ಹಾಲು ಬೆರೆಸಿದ ಹಾಗೆ ಕಂಡಿವೆ, ದೃಷ್ಟಿ ಮಾತ್ರ ಸರಿಯಾಗಿದೆ, ಏನಿದು ಅಂತ ಕೇಳಿದ್ದೆ. 'ಮೊದಲು ಟ್ರೈಗ್ಲಿಸರೈಡ್ (ರಕ್ತದಲ್ಲಿರುವ ಒಂದು ಬಗೆಯ ಕೊಬ್ಬು) ಪರೀಕ್ಷೆ ಮಾಡಿಸಿ' ಅಂದವರ ಮಾತೇ ನಿಜವಾಯಿತು. ಡೆಸಿಲೀಟರ್‌ಗೆ 150 ಮಿಲಿಗ್ರಾಂ ಒಳಗಿರಬೇಕಾದದ್ದು 3000 ದಾಟಿತ್ತು! ರಕ್ತದಲ್ಲಿ ಈ ಕೊಬ್ಬು ವಿಪರೀತ ಆಗಿ ರೆಟಿನಾದ ರಕ್ತನಾಳಗಳು ಹೀಗೆ ಬಿಳಿಚುವುದಕ್ಕೆ ಲೈಪೀಮಿಯಾ ರೆಟಿನಾಲಿಸ್ ಅಂತಾರೆ. ಜೊತೆಗೆ ಸಕ್ಕರೆ ಕಾಯಿಲೆಯೂ ಪತ್ತೆಯಾಯಿತು.

ಕಣ್ಣಿನ ಡ್ರಾಪ್ಸ್, ವಿಟಮಿನ್ ಮಾತ್ರೆ ಹೇಳಿದವರು ಬೇಜಾರಾಗಬೇಡಿ, ಅವುಗಳಿಂದ ಏನೂ ಆಗಲಿಲ್ಲ. ತೊಂದರೆ ಇದ್ದದ್ದು ರಕ್ತದಲ್ಲಿ.

ನನಗೆ ಆಶ್ಚರ್ಯವಾದದ್ದು ಇಆರ್‌ಜಿ (ಎಲೆಕ್ಟ್ರೋರೆಟಿನೋಗ್ರಾಮ್) ಪರೀಕ್ಷೆ. ಬೆಳಕು ಬಿದ್ದಾಗ ರೆಟಿನಾ ಹೊರಡಿಸುವ ವಿದ್ಯುತ್ ಸಂಕೇತವನ್ನು ಅದು ಅಳೆಯುತ್ತದೆ. ಚಾರ್ಟ್‌ನ ಕೊನೆಯ ಸಾಲನ್ನೂ ಸಲೀಸಾಗಿ ಓದಿದವನಿಗೆ ಇಲ್ಲಿ ಅಲೆಗಳ ಎತ್ತರ ಕಮ್ಮಿ ಬಂತು. ಅಂದರೆ ಅಕ್ಷರ ಓದಿಸಿ ನೋಡಿದರೆ ಸಾಲದು, ಅಲ್ವಾ?

ಚಿಕಿತ್ಸೆ ಅಂದರೆ ಟ್ರೈಗ್ಲಿಸರೈಡ್ ಇಳಿಸುವ ಫೆನೋಫೈಬ್ರೇಟ್ ಮಾತ್ರೆ, ಇನ್ಸುಲಿನ್, ಕೊಬ್ಬು ತೀರಾ ಕಡಿಮೆಯಿರುವ ಊಟ, ಮದ್ಯ ಪೂರ್ತಿ ಬಂದ್. ಟ್ರೈಗ್ಲಿಸರೈಡ್ ಇಳಿದ ಹಾಗೆ ರಕ್ತನಾಳಗಳು ಮತ್ತೆ ಕೆಂಪಾದವು. ಅಲೆಗಳೂ ಸುಧಾರಿಸಿವೆ.

ಟ್ರೈಗ್ಲಿಸರೈಡ್ ಇಷ್ಟು ಜಾಸ್ತಿ ಬಂದವರು ಸುಮ್ನೆ ಕಾಯಬೇಡಿ. ಇದರಿಂದ ಮೇದೋಜೀರಕ ಗ್ರಂಥಿ (ಪ್ಯಾಂಕ್ರಿಯಾಸ್) ಊದಿಕೊಂಡರೆ ಜೀವಕ್ಕೇ ಅಪಾಯ. ಹೊಟ್ಟೆ ಜೋರಾಗಿ ನೋಯುತ್ತಿದ್ದರೆ ನೇರ ತುರ್ತು ವಿಭಾಗಕ್ಕೆ ಹೋಗಿ.